ಮನೆಗೆ ಫೋನ್ ಮಾಡುವ ಮೊದಲು ವಿದ್ಯಾರ್ಥಿಯನ್ನು ಕೇಳಿ

ಮಾನ್ಯ ಸಂಪಾದಕರೇ,

ಕಾಲೇಜುಗಳಲ್ಲಿ ಲಿಂಗತ್ವ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ಬೆಂಬಲ ಬೇಕು ಅನ್ನುವ ಮಾತಿಗೆ ನಿಮ್ಮ ಪತ್ರಿಕೆಯ ಓದುಗರೊಬ್ಬರು ‘ಇದೆಲ್ಲ ಬೆಂಗಳೂರಿನ ಫ್ಯಾಷನ್, ನಮ್ಮ ಮೈಸೂರು ಮಂಡ್ಯ ಕಡೆ ಅಂಥ ಮಕ್ಕಳೇ ಇಲ್ಲ’ ಎಂದು ಬರೆದಿದ್ದರು. ಓದಿ ಸುಮ್ಮನಿರೋಣ ಅಂದುಕೊಂಡೆ, ಆಗಲಿಲ್ಲ. ನಾನು ಮೈಸೂರಿನಲ್ಲಿ ಮನೆ ಮಾಡಿಕೊಂಡು ಮಂಡ್ಯದ ಒಂದು ಪದವಿ ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುವವಳು. ಅಂಥ ಮಕ್ಕಳು ಇದ್ದಾರೆ. ಗೇ, ಲೆಸ್ಬಿಯನ್, ಟ್ರಾನ್ಸ್, ಇನ್ನೂ ತಾನು ಏನು ಅಂತ ಗೊತ್ತಾಗದೆ ಒದ್ದಾಡುತ್ತಿರುವವರು, ಎಲ್ಲರೂ ಇದ್ದಾರೆ. ಹೇಳಿಕೊಳ್ಳುವುದಿಲ್ಲ ಅಷ್ಟೇ.

ಬೆಂಗಳೂರಿನಲ್ಲಾದರೆ ಒಬ್ಬ ಹುಡುಗ ಕಾಲೇಜಿನಲ್ಲಿ ಒಂದು ಥರ, ಮನೆಯಲ್ಲಿ ಇನ್ನೊಂದು ಥರ ಇದ್ದುಬಿಡಬಹುದು. ಇಲ್ಲಿ ಅದು ಆಗದ ಮಾತು. ಪಾಂಡವಪುರದಲ್ಲಿ ಬೆಳಗಿನ ರೈಲು ಹತ್ತುವ ಹುಡುಗನ ಪಕ್ಕದಲ್ಲಿ ಕೂತವರು ಅವನ ಅಪ್ಪನ ಜೊತೆ ಡೇರಿಗೆ ಹಾಲು ಹಾಕುವವರು. ಲ್ಯಾಬ್ ಅಟೆಂಡರ್ ಅವನ ಚಿಕ್ಕಮ್ಮನ ಊರಿನವರು. ಕ್ಲಾಸಿನಲ್ಲಿ ಮೂರು ಜನ ದೂರದ ಸಂಬಂಧಿಗಳು. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಆಡಿದ ಮಾತು ಸಂಜೆ ಹೊತ್ತಿಗೆ ಊರಿನ ಅರಳಿಕಟ್ಟೆಯಲ್ಲಿರುತ್ತದೆ. ಇಂಥ ಕಡೆ ಬಾಯಿಬಿಟ್ಟು ‘ನಾನು ಹೀಗೆ’ ಅನ್ನಲು ಯಾರಿಗೆ ಧೈರ್ಯ ಬರುತ್ತದೆ ಹೇಳಿ.

ಹಾಜರಿ ಕರೆಯುವಾಗ ಒಮ್ಮೆ ಗಮನಿಸಿ. ಎಂಟು ಆಯಿತು, ಒಂಬತ್ತು ಅಂದ ತಕ್ಷಣ ಹಿಂದಿನ ಬೆಂಚಿನಲ್ಲಿ ಕಿಸಕ್ ಅಂತ ನಗು. ಆ ನಂಬರಿನ ಹುಡುಗ ಗಟ್ಟಿ ಆಳು, ಕಬಡ್ಡಿ ಆಡುವವನು, ಅವನೂ ಜೊತೆಗೆ ನಗುತ್ತಾನೆ. ಒಂಬತ್ತು ಅನ್ನುವುದು ಟ್ರಾನ್ಸ್ ಆದವರನ್ನು, ಹೆಣ್ಣಿನ ಹಾಗಿರುವ ಹುಡುಗರನ್ನು ಹಂಗಿಸುವ ಮಾತು. ನಗು ಇರುವುದು ಅವನಿಗಲ್ಲ. ಗೋಡೆ ಪಕ್ಕದ ಸೀಟಿನಲ್ಲಿ ಪುಸ್ತಕದೊಳಗೆ ಮುಖ ಇಟ್ಟುಕೊಂಡವನು ಒಬ್ಬನಿದ್ದಾನಲ್ಲ, ಅವನಿಗೆ ತಲುಪಲಿ ಅಂತಲೇ ನಗುವುದು. ಅವನ ನಡಿಗೆ ಅಣಕಿಸುತ್ತಾರೆ, ಹೆಣ್ಣಿಗ ಅನ್ನುತ್ತಾರೆ, ಕಾಲೇಜ್ ಡೇ ಸ್ಕಿಟ್‌ನಲ್ಲಿ ಸೀರೆ ಉಟ್ಟು ಚಪ್ಪಾಳೆ ತಟ್ಟುವ ಪಾತ್ರ ಒಂದು ಇರಲೇಬೇಕು, ಮುಂದಿನ ಸಾಲಿನಲ್ಲಿ ಕೂತ ಮೇಷ್ಟ್ರುಗಳೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಮ್ಮ ಕಡೆ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಅಂದರೆ ಪ್ರಾಣ. ಗಂಡಸರೇ ದ್ರೌಪದಿ ವೇಷ ಕಟ್ಟುತ್ತಿದ್ದ ಕಾಲದಲ್ಲಿ, ರಾತ್ರಿ ಆ ಪಾತ್ರಧಾರಿಗೆ ನೋಟಿನ ಹಾರ ಹಾಕಿದವರೇ ಬೆಳಿಗ್ಗೆ ಟೀ ಅಂಗಡಿಯಲ್ಲಿ ಅವನ ಬಗ್ಗೆ ಜೋಕ್ ಹೊಡೆಯುತ್ತಿದ್ದರು ಅಂತ ನಮ್ಮ ತಂದೆ ಹೇಳುತ್ತಿದ್ದರು. ಹಾಗಾಗಿ ‘ನಮ್ಮ ಸಂಸ್ಕೃತಿ ಎಲ್ಲರನ್ನೂ ಒಪ್ಪಿಕೊಂಡಿತ್ತು’ ಅನ್ನುವ ಭಾಷಣವನ್ನೂ ನಾನು ಜಾಸ್ತಿ ನಂಬುವವಳಲ್ಲ.

ಈ ನಗುವನ್ನೆಲ್ಲ ಮಕ್ಕಳು ಹೇಗೋ ತಡೆದುಕೊಂಡು ಡಿಗ್ರಿ ಮುಗಿಸುತ್ತಾರೆ. ಅವರ ಓದನ್ನೇ ನಿಲ್ಲಿಸಿಬಿಡುವುದು ಕಾಲೇಜಿನಿಂದ ಮನೆಗೆ ಹೋಗುವ ಒಂದು ಫೋನ್ ಕಾಲ್.

ಯಾವ ಸಮಸ್ಯೆ ಬಂದರೂ ನಮ್ಮ ಕಾಲೇಜುಗಳಿಗೆ ಗೊತ್ತಿರುವ ಮದ್ದು ಒಂದೇ, ‘ಪೇರೆಂಟ್ಸ್ ಕರ್ಕೊಂಡು ಬಾ’. ಹಾಜರಿ ಕಡಿಮೆಯಾದರೂ ಅದೇ, ಹೊಡೆದಾಟವಾದರೂ ಅದೇ, ಇದಕ್ಕೂ ಅದೇ. ಕೆಲವು ವರ್ಷದ ಹಿಂದಿನ ಮಾತು, ಯಾವ ಹಾಸ್ಟೆಲ್ ಅಂತ ಬೇಡ. ಒಬ್ಬ ಹುಡುಗಿಯ ಮೊಬೈಲಿನಲ್ಲಿದ್ದ ಮೆಸೇಜುಗಳನ್ನು ರೂಮ್‌ಮೇಟ್ ಓದಿ ವಾರ್ಡನ್‌ಗೆ ತೋರಿಸಿದಳು. ವಾರ್ಡನ್ ಕೆಟ್ಟವರೇನಲ್ಲ, ನಾಳೆ ಏನಾದರೂ ಹೆಚ್ಚುಕಮ್ಮಿ ಆದರೆ ನನ್ನ ತಲೆಗೆ ಬರುತ್ತೆ ಅಂತ ಹೆದರಿ ಅವಳ ಊರಿಗೆ ಫೋನ್ ಮಾಡಿದರು. ಸೋದರಮಾವ ಕಾರು ತಂದರು. ಟ್ರಂಕು, ಹಾಸಿಗೆ, ಬಕೆಟ್ ಎಲ್ಲ ಅವತ್ತೇ ಹೊರಟಿತು. ಆರನೇ ಸೆಮಿಸ್ಟರ್ ಪರೀಕ್ಷೆಗೆ ಅವಳು ಬರಲಿಲ್ಲ, ಹಾಲ್ ಟಿಕೆಟ್ ಆಫೀಸಿನಲ್ಲೇ ಉಳಿಯಿತು. ಆಮೇಲೆ ಮದುವೆ ಮಾಡಿದರು ಅಂತ ಗೊತ್ತಾಯಿತು. ಕ್ಲಾಸಿಗೇ ಚೆನ್ನಾಗಿ ಓದುತ್ತಿದ್ದ ಹುಡುಗಿಯ ಕೈಯಲ್ಲಿ ಈಗ ಡಿಗ್ರಿ ಇಲ್ಲ. ಆ ಒಂದು ಕಾಲ್‌ನಿಂದ ಯಾರಿಗೆ ಏನು ಒಳ್ಳೆಯದಾಯಿತು?

ಡಿಗ್ರಿ ಓದುವವರಲ್ಲಿ ಹೆಚ್ಚಿನವರು 18 ದಾಟಿದವರು. ವೋಟು ಹಾಕುವವರು. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದರಲ್ಲ, ಆ ತೀರ್ಪಿನಲ್ಲೇ ಲೈಂಗಿಕ ಒಲವು ಕೂಡ ಖಾಸಗಿತನದ ಭಾಗ ಎಂದಿದೆ. ಆ ಅರ್ಜಿ ಹಾಕಿದ ಪುಟ್ಟಸ್ವಾಮಿಯವರು ನಮ್ಮ ರಾಜ್ಯದ ಹೈಕೋರ್ಟಿನಲ್ಲೇ ನ್ಯಾಯಮೂರ್ತಿಯಾಗಿದ್ದವರು, ಓದಿದ್ದು ಇದೇ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ. ಮರುವರ್ಷ, 2018ರ ಸೆಪ್ಟೆಂಬರ್ 6ರಂದು, ವಯಸ್ಕರು ಪರಸ್ಪರ ಒಪ್ಪಿ ನಡೆಸುವ ಸಲಿಂಗ ಸಂಬಂಧ ಅಪರಾಧವಲ್ಲ ಎಂಬ ತೀರ್ಪು ಬಂತು. ಹೀಗಿರುವಾಗ ಒಬ್ಬ ವಯಸ್ಕಳ ಖಾಸಗಿ ಮೆಸೇಜನ್ನು ಅವಳ ಊರಿಗೆ ಓದಿ ಹೇಳಲು ವಾರ್ಡನ್‌ಗೆ ಯಾರು ಅಧಿಕಾರ ಕೊಟ್ಟರು?

ವಿಷಯ ಮನೆಗೆ ಗೊತ್ತಾದ ಮೇಲೆ ಏನಾಗುತ್ತದೆ ಅಂತ ಗೊತ್ತಲ್ಲ. ದೇವಸ್ಥಾನ, ಯಂತ್ರ ತಾಯಿತ, ಕೊನೆಗೆ ಯಾವುದೋ ಡಾಕ್ಟರು. ಇದು ಕಾಯಿಲೆ ಅಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಸಲಿಂಗ ಒಲವನ್ನು ತನ್ನ ಪಟ್ಟಿಯಿಂದ ತೆಗೆದದ್ದು 1990ರಲ್ಲಿ. ನಮ್ಮ ದೇಶದ ಮನೋವೈದ್ಯರ ಸಂಘ 2018ರಲ್ಲಿ ಅದನ್ನೇ ಹೇಳಿದೆ. ಒಲವನ್ನು ಬದಲಾಯಿಸುತ್ತೇನೆ ಅಂತ ಚಿಕಿತ್ಸೆ ಕೊಡುವುದು ವೃತ್ತಿ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ, ಮದ್ರಾಸ್ ಹೈಕೋರ್ಟ್ ಸೂಚನೆಯ ಮೇಲೆ, ರಾಜ್ಯಗಳ ವೈದ್ಯ ಪರಿಷತ್ತುಗಳಿಗೆ ಪತ್ರ ಬರೆದಿದೆ. ಅಷ್ಟಾದರೂ ‘ಬನ್ನಿ, ಸರಿ ಮಾಡೋಣ’ ಅನ್ನುವವರು ಸಿಗುತ್ತಾರೆ, ದುಡ್ಡೂ ಕೀಳುತ್ತಾರೆ.

ಕಾಲೇಜುಗಳಿಗೆ ಹೊಸ ಕಾನೂನು ಏನೂ ಬೇಕಾಗಿಲ್ಲ. ಅಡ್ಮಿಷನ್ ಹೊತ್ತಿನಲ್ಲಿ ಪ್ರತಿ ವಿದ್ಯಾರ್ಥಿಯಿಂದ ರ‍್ಯಾಗಿಂಗ್ ಮಾಡುವುದಿಲ್ಲ ಅಂತ ಮುಚ್ಚಳಿಕೆ ಬರೆಸಿಕೊಳ್ಳುತ್ತೇವೆ, ಅಪ್ಪ ಅಮ್ಮನಿಂದಲೂ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಆ ನಿಯಮಕ್ಕೆ 2016ರಲ್ಲಿ ಒಂದು ತಿದ್ದುಪಡಿ ಆಯಿತು. ಜಾತಿ, ಧರ್ಮ, ಬಣ್ಣದ ಜೊತೆಗೆ ಟ್ರಾನ್ಸ್ ಆಗಿರುವುದು, ಲೈಂಗಿಕ ಒಲವು, ಇವುಗಳ ಹೆಸರಿನಲ್ಲಿ ಹಿಂಸಿಸಿದರೂ ಅದು ರ‍್ಯಾಗಿಂಗೇ. ಗುಂಪಿನಿಂದ ಹೊರಗಿಡುವುದೂ ಅದರಲ್ಲಿ ಬರುತ್ತದೆ. ಅಂದರೆ ಒಂಬತ್ತನೇ ನಂಬರಿನ ನಗುವಿಗೆ ದೂರು ಕೊಡಬಹುದು. ಕೊಟ್ಟವರನ್ನು ನಾನಂತೂ ನೋಡಿಲ್ಲ, ಯಾಕೆಂದರೆ ದೂರಿನ ಅರ್ಜಿ ತೆಗೆದುಕೊಳ್ಳುವವರೇ ಮೊದಲು ಕೇಳುವುದು ‘ನಿಮ್ಮ ತಂದೆ ನಂಬರ್ ಕೊಡು’ ಅಂತ. 2019ರ ಟ್ರಾನ್ಸ್‌ಜೆಂಡರ್ ಕಾಯ್ದೆ ಪ್ರಕಾರ ಪ್ರತಿ ಸಂಸ್ಥೆಯಲ್ಲೂ ದೂರು ಅಧಿಕಾರಿ ಇರಬೇಕು. ನಿಮ್ಮ ಮಕ್ಕಳ ಕಾಲೇಜಿನಲ್ಲಿ ಆ ಅಧಿಕಾರಿ ಯಾರು ಅಂತ ವಿಚಾರಿಸಿ ನೋಡಿ, ಬಹುಶಃ ಆ ಅಧಿಕಾರಿಗೇ ಗೊತ್ತಿರುವುದಿಲ್ಲ. ಸರ್ಕಾರಿ ಕೆಲಸದಲ್ಲಿ ಟ್ರಾನ್ಸ್ ವ್ಯಕ್ತಿಗಳಿಗೆ ಶೇ 1 ಮೀಸಲಾತಿ ಕೊಟ್ಟ ಮೊದಲ ರಾಜ್ಯ ನಮ್ಮದು, 2021ರಲ್ಲಿ. ಡಿಗ್ರಿಯನ್ನೇ ಮುಗಿಸಲು ಬಿಡದಿದ್ದರೆ ಆ ಕೆಲಸಕ್ಕೆ ಅರ್ಜಿ ಹಾಕುವವರು ಯಾರು?

ಕಾಲೇಜಿಗೆ ಮಾನ್ಯತೆ ಕೊಡುವ ನ್ಯಾಕ್ ತಂಡ ಬರುತ್ತದೆ ಅಂದಾಗ ಮಾತ್ರ ನಮಗೆ ಲಿಂಗ ಸಮಾನತೆ ನೆನಪಾಗುತ್ತದೆ. ಬ್ಯಾನರ್ ಕಟ್ಟಿ, ಹಾರ ಶಾಲು ತಂದು, ಅತಿಥಿಯನ್ನು ಕೂರಿಸಿ ಫೋಟೊ ತೆಗೆದು ಫೈಲಿಗೆ ಸೇರಿಸುತ್ತೇವೆ. ಟ್ರಾನ್ಸ್ ಸಮುದಾಯದ ಜನಪದ ಕಲಾವಿದೆ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ಸ್ಟಾಫ್ ವಾಟ್ಸಾಪ್ ಗ್ರೂಪಿನಲ್ಲಿ ಅವರ ಫೋಟೊ ಹಂಚಿದ್ದೇ ಹಂಚಿದ್ದು. ಅದೇ ಗ್ರೂಪಿನಲ್ಲಿ ಸಿಗ್ನಲ್‌ನಲ್ಲಿ ಕಾಸು ಕೇಳುವವರ ಮೇಲಿನ ಜೋಕೂ ಓಡುತ್ತಿರುತ್ತದೆ. ನಮ್ಮವರಿಗೆ ಅದರಲ್ಲಿ ಯಾವ ತೊಡಕೂ ಕಾಣುವುದಿಲ್ಲ.

ಜೊತೆಗೆ ನಿಲ್ಲುವುದು ಅಂದರೆ ಏನು ಅಂತ ನಾನು ಕಂಡದ್ದು ಒಬ್ಬ ಎನ್ಎಸ್ಎಸ್ ಹುಡುಗನಿಂದ, ಶ್ರೀರಂಗಪಟ್ಟಣದ ಕಡೆಯವನು, ಭಾಷಣಗೀಷಣ ಬಾರದವನು. ಹಾಜರಿಯ ನಗು ಎದ್ದಾಗ ಒಂದು ದಿನ ಹಿಂದೆ ತಿರುಗಿ ‘ಅದ್ರಲ್ ನಗಾದೇನ್ಲಾ ಐತೆ?’ ಅಂದ. ಅಷ್ಟೇ. ನಗುತ್ತಿದ್ದವರಿಗೆ ಉತ್ತರ ಗೊತ್ತಿರಲಿಲ್ಲ, ಸುಮ್ಮನಾದರು. ಗೋಡೆ ಪಕ್ಕದ ಹುಡುಗನ ಹತ್ತಿರ ಹೋಗಿ ‘ನೀನು ಅದೇನಾ’ ಅಂತ ಅವನು ಯಾವತ್ತೂ ಕೇಳಲಿಲ್ಲ. ಇಂಡಸ್ಟ್ರಿಯಲ್ ವಿಸಿಟ್‌ಗೆ ಹೋದಾಗ ರೂಮ್ ಹಂಚಿಕೊಳ್ಳಲು ಉಳಿದವರು ಹಿಂದೆಮುಂದೆ ನೋಡುತ್ತಿದ್ದರೆ ಇವನು ಹೋಗಿ ಬ್ಯಾಗ್ ಇಟ್ಟ. ಕೆಲವು ವಿದ್ಯಾರ್ಥಿಗಳು ಉತ್ಸಾಹದಲ್ಲಿ ಗೆಳೆಯನ ಫೋಟೊಗೆ ಈ ಸಮುದಾಯದ ಗುರುತಾದ ಕಾಮನಬಿಲ್ಲು ಅಂಟಿಸಿ, ಟ್ಯಾಗ್ ಮಾಡಿ ‘ನಿನ್ನ ಜೊತೆ ನಾವಿದ್ದೇವೆ’ ಅಂತ ಸ್ಟೇಟಸ್ ಹಾಕುತ್ತಾರೆ. ಮನಸ್ಸು ಒಳ್ಳೆಯದೇ. ಆದರೆ ಆ ಸ್ಟೇಟಸ್ಸನ್ನು ಅವನ ದೊಡ್ಡಪ್ಪನ ಮಗನೂ ನೋಡುತ್ತಾನೆ, ಅಲ್ವಾ? ಅವನೇ ಹಾಕು ಅಂದರೆ ಹಾಕಿ.

‘ತಂದೆ ತಾಯಿ ನಮ್ಮನ್ನು ನಂಬಿ ಬಿಟ್ಟಿರುತ್ತಾರೆ, ಅವರಿಂದ ಮುಚ್ಚಿಡುವುದು ಸರಿಯಾ’ ಅಂತ ಸಹೋದ್ಯೋಗಿಯೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಸಾಲ ಮಾಡಿ ಓದಿಸುವ ಅಪ್ಪನ ಭಯ ನನಗೂ ಅರ್ಥವಾಗುತ್ತದೆ, ನಾನೂ ತಾಯಿಯೇ. ಮಗುವಿನ ಜೀವಕ್ಕೆ ಅಪಾಯ ಅನ್ನಿಸಿದರೆ ಕೈಕಟ್ಟಿ ಕೂರಬೇಕು ಅಂತಲೂ ನಾನು ಹೇಳುತ್ತಿಲ್ಲ. ಆದರೆ ಮನೆಗೆ ಯಾವಾಗ ಹೇಳಬೇಕು, ಅಮ್ಮನಿಗೆ ಮೊದಲೋ ಅಕ್ಕನಿಗೆ ಮೊದಲೋ, ಕೆಲಸ ಸಿಕ್ಕ ಮೇಲೋ ಅನ್ನುವುದು ಅವರ ಲೆಕ್ಕ. ಆ ಮನೆಯಲ್ಲಿ ಹುಟ್ಟಿ ಬೆಳೆದವರು ಅವರು. ಹೇಳುವ ದಿನ ಮೇಡಂ ನೀವೂ ಜೊತೆಗೆ ಬನ್ನಿ ಅಂದರೆ ಹೋಗಿ ಕೂರೋಣ, ಅಪ್ಪನ ಸಿಟ್ಟನ್ನು ನಾವೂ ಸ್ವಲ್ಪ ತಿನ್ನೋಣ.

ಐಐಟಿ ಬಾಂಬೆಯಲ್ಲಿ ಇಂಥ ಮಕ್ಕಳಿಗಾಗಿ ಸಾಥಿ ಅನ್ನುವ ವಿದ್ಯಾರ್ಥಿ ಗುಂಪಿದೆ. ಹೈದರಾಬಾದಿನ ನಲ್ಸಾರ್ ಕಾನೂನು ವಿಶ್ವವಿದ್ಯಾಲಯ 2022ರಲ್ಲಿ ಹಾಸ್ಟೆಲಿನ ಒಂದು ಮಹಡಿಯನ್ನು ಗಂಡು ಹೆಣ್ಣು ಅನ್ನದೆ ಲಿಂಗತ್ವ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ಕೊಟ್ಟಿತು. ಶೌಚಾಲಯಕ್ಕೇ ನೀರಿಲ್ಲದ ನಮ್ಮ ಕಾಲೇಜುಗಳಿಂದ ನಾಳೆಯೇ ಅಷ್ಟು ಕೇಳುವುದಿಲ್ಲ. ನೋಟಿಸ್ ಬೋರ್ಡಿಗೆ ಒಂದು ಹಾಳೆ ಅಂಟಿಸಿ ಸಾಕು. ಅದರಲ್ಲಿ ಇಬ್ಬರ ಹೆಸರಿರಲಿ, ಒಬ್ಬರು ಅಧ್ಯಾಪಕರು, ಒಬ್ಬರು ಹಾಸ್ಟೆಲ್ ಕಡೆಯವರು, ಒಪ್ಪಿ ಮುಂದೆ ಬಂದವರು, ಸೀನಿಯಾರಿಟಿ ನೋಡಿ ಹೇರಿದವರಲ್ಲ. ಕೆಳಗೆ ಒಂದು ಸಾಲು: ‘ನೀವು ಹೇಳಿದ್ದನ್ನು ನಿಮ್ಮ ಒಪ್ಪಿಗೆಯಿಲ್ಲದೆ ಮನೆಗಾಗಲಿ ಬೇರೆಯವರಿಗಾಗಲಿ ತಿಳಿಸುವುದಿಲ್ಲ, ಜೀವಕ್ಕೆ ಅಪಾಯ ಇದ್ದಾಗ ಮಾತ್ರ ನಿಮಗೆ ಹೇಳಿಯೇ ಸಹಾಯ ಪಡೆಯುತ್ತೇವೆ.’ ಜೊತೆಗೆ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ರ‍್ಯಾಗಿಂಗ್ ದೂರಿಗೆ 1800-180-5522. ಸರಸ್ವತಿಪುರಂ, ಕುವೆಂಪುನಗರದಲ್ಲಿ ಪಿಜಿ ನಡೆಸುವವರೂ ಆ ಸಾಲನ್ನು ತಮ್ಮ ರೂಲ್ಸ್ ಬೋರ್ಡಿಗೆ ಸೇರಿಸಿಕೊಂಡರೆ ಒಳ್ಳೆಯದು, ಅಲ್ಲಿನ ಓನರುಗಳ ಬಳಿಯೂ ಎಲ್ಲ ಅಪ್ಪಂದಿರ ನಂಬರ್ ಇರುತ್ತದೆ.

ನಮ್ಮ ಕಾಲೇಜಿನ ಮುಂದಿನ ಸ್ಟಾಫ್ ಮೀಟಿಂಗ್‌ನಲ್ಲಿ ಈ ಹಾಳೆಯನ್ನು ಇಡುತ್ತಿದ್ದೇನೆ. ಅಧ್ಯಾಪಕರ ಹೆಸರು ಇರಬೇಕಾದ ಜಾಗದಲ್ಲಿ ನನ್ನದನ್ನು ಬರೆದಿದ್ದೇನೆ, ಹಾಸ್ಟೆಲ್ ಕಡೆಯಿಂದ ಇನ್ನೂ ಯಾರೂ ಒಪ್ಪಿಲ್ಲ. ಬೇರೆ ಕಾಲೇಜುಗಳಲ್ಲಿ ಯಾರಾದರೂ ಇದನ್ನು ಆಗಲೇ ಮಾಡಿದ್ದರೆ, ಹಾಸ್ಟೆಲಿನವರನ್ನು ಹೇಗೆ ಒಪ್ಪಿಸಿದಿರಿ ಅಂತ ಇದೇ ಅಂಕಣಕ್ಕೆ ಬರೆಯಿರಿ.

ಇತಿ,
ಓರ್ವ ಉಪನ್ಯಾಸಕಿ, ಮೈಸೂರು