ಶುಕ್ರವಾರದ ಚೀಲದ ಬಗ್ಗೆ ಪೋಷಕರಿಗೆ ಪತ್ರ

ಕಾರವಾರ

ಎಲ್‌ಕೆಜಿ, ಯುಕೆಜಿ ಮಕ್ಕಳ ತಂದೆ ತಾಯಿಯರಿಗೆ, ಅಜ್ಜ ಅಜ್ಜಿಯರಿಗೆ ನಮಸ್ಕಾರ.

ಕಳೆದ ಶನಿವಾರದ ಸಭೆಯಿಂದ ನಿಮ್ಮಲ್ಲಿ ಹಲವರು ಬೇಜಾರು ಮಾಡಿಕೊಂಡೇ ಎದ್ದು ಹೋದಿರಿ. ಹೊರಗೆ ಜೋರು ಮಳೆ, ಮಕ್ಕಳಿಗೆ ಹಸಿವು. ಎಲ್ಲರ ಮಾತಿಗೂ ಉತ್ತರ ಕೊಡಲು ಆಗಲಿಲ್ಲ. ಅದಕ್ಕೇ ಈ ಪತ್ರ.

ನಾವು ಶುಕ್ರವಾರ ಕಳಿಸುವ ಬಟ್ಟೆ ಚೀಲದಲ್ಲಿ ಒಂದು ಚಿತ್ರಪುಸ್ತಕ ಇರುತ್ತದೆ. ಅದರಲ್ಲಿ ಒಂದು ಅಕ್ಷರವೂ ಇಲ್ಲ. ಜೊತೆಗೆ ನಾಲ್ಕಾರು ಮರದ ತುಂಡು, ಒಂದು ತೆಂಗಿನ ಗರಟೆ, ಒಂದು ಬಟ್ಟೆ ಗೊಂಬೆ. ಹೋಮ್‌ವರ್ಕ್ ಇಲ್ಲ. "ಪಕ್ಕದ ಮನೆ ಮಗು ನೂರರವರೆಗೆ ಬರೀತದೆ, ನಮ್ಮದು ಗರಟೆ ಹಿಡ್ಕೊಂಡು ಕೂತದೆ" ಎಂದರು ಒಬ್ಬ ತಾಯಿ. ಹೇಳುವಾಗ ಅವರ ಗಂಟಲು ಕಟ್ಟಿತ್ತು. ಆ ಮಾತು ಎರಡು ದಿನ ನನ್ನ ತಲೆಯಲ್ಲೇ ಇತ್ತು. ಕಷ್ಟಪಟ್ಟು ಫೀ ಕಟ್ಟುವವರು ಕೇಳುವ ಪ್ರಶ್ನೆ ಅದು. ಕೇಳಲೇಬೇಕು.

ತಪ್ಪು ನಮ್ಮಿಂದಲೂ ಆಗಿದೆ. ಜೂನ್ ತಿಂಗಳಲ್ಲೇ ನಿಮ್ಮನ್ನು ಕೂರಿಸಿಕೊಂಡು ಇದು ಯಾಕೆ ಎಂದು ಹೇಳಬೇಕಿತ್ತು. ಹೇಳದೆ ಚೀಲ ಕಳಿಸಿಬಿಟ್ಟೆವು. ಕ್ಷಮೆ ಇರಲಿ. ಆದರೆ ಚೀಲ ನಿಲ್ಲಿಸುವುದಿಲ್ಲ.

ಅಕ್ಷರ ಕಲಿಸುವುದನ್ನು ನಾವು ಬಿಟ್ಟಿಲ್ಲ. ಇದನ್ನು ದೊಡ್ಡದಾಗಿ ಓದಿಕೊಳ್ಳಿ. ಯುಕೆಜಿ ಮುಗಿಸುವಾಗ ಮಗು ತನ್ನ ಹೆಸರು ಬರೆಯುತ್ತದೆ, ಗುರುತಿರುವ ಅಕ್ಷರ ಕಂಡರೆ ಕೂಗಿ ಹೇಳುತ್ತದೆ. ನಾಲ್ಕು ವರ್ಷದ ಕೈಗೆ ಪೆನ್ಸಿಲ್ ಕೊಟ್ಟು ನಾಲ್ಕು ಪುಟ ತಿದ್ದಿಸುವುದನ್ನು ಮಾತ್ರ ಬಿಟ್ಟಿದ್ದೇವೆ. ಆ ಬೆರಳಿಗೆ ಇನ್ನೂ ಅಷ್ಟು ಬಲ ಬಂದಿರುವುದಿಲ್ಲ. ಮಣ್ಣು ಕಲಸಿ, ಮಣಿ ಪೋಣಿಸಿ, ಕಾಗದ ಹರಿದು ಅಂಟಿಸಿ ಬಲ ಬರಬೇಕು. ಇದು ನಾನೊಬ್ಬಳೇ ಹೇಳುವ ಮಾತಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷದವರೆಗಿನದ್ದನ್ನು ಒಂದೇ ಹಂತ ಎಂದು ಹಿಡಿದು, ಆ ವಯಸ್ಸಿಗೆ ಆಟದ ಮೂಲಕ ಕಲಿಕೆ ಎಂದಿದೆ. ಅದಕ್ಕೂ ಮೊದಲೇ, 1995ರಲ್ಲಿ, ನಮ್ಮದೇ ರಾಜ್ಯದ ಎಚ್.ಡಿ. ಕೋಟೆಯಲ್ಲಿ ನಲಿ-ಕಲಿ ಶುರುವಾಗಿತ್ತು.

ಈಗ ಅಕ್ಷರ ಇಲ್ಲದ ಪುಸ್ತಕದ ವಿಷಯ.

ನಮ್ಮ ಎಲ್‌ಕೆಜಿಯಲ್ಲಿ ಒಂದು ಹುಡುಗಿ ಇದ್ದಾಳೆ. ಜೂನ್‌ನಿಂದ ತರಗತಿಯಲ್ಲಿ ಬಾಯಿಯೇ ಬಿಟ್ಟಿರಲಿಲ್ಲ. ಮನೆಮಾತು ಕೊಂಕಣಿ, ಇಲ್ಲಿ ಕನ್ನಡ. ಪಾಪ, ಅದಕ್ಕೆ ಎಲ್ಲವೂ ಹೊಸದು. ಒಂದು ದಿನ ಟೀಚರ್ ಒಂದು ಚಿತ್ರ ತೆರೆದಿಟ್ಟರು. ಮಳೆ, ಸಂತೆ, ತಲೆ ಮೇಲೆ ಬುಟ್ಟಿ ಹೊತ್ತ ಒಬ್ಬ ಹೆಂಗಸು, ಬೆಂಚಿನ ಕೆಳಗೆ ಒಂದು ನಾಯಿ. "ಇಲ್ಲಿ ಎಂತ ಆಗ್ತಾ ಇದೆ?" ಎಂದಷ್ಟೇ ಕೇಳಿದ್ದು. ಮಗು ಸ್ವಲ್ಪ ಹೊತ್ತು ನೋಡಿತು. ಆಮೇಲೆ ಬೆರಳನ್ನು ಬುಟ್ಟಿಯ ಮೇಲಿಟ್ಟು ಶುರು ಮಾಡಿತು. ಬುಟ್ಟಿಯಲ್ಲಿ ಬಂಗಡೆ ಉಂಟು. ಮಳೆ ಬಂದು ಯಾರೂ ತಗೊಳ್ಳಲಿಲ್ಲ. ಅಜ್ಜಿಗೆ ಸಿಟ್ಟು ಬಂದಿದೆ. ನಾಯಿಗೆ ಗೊತ್ತು, ಅದಕ್ಕೇ ಅಡಗಿ ಕೂತಿದೆ. ಅರ್ಧ ಕೊಂಕಣಿ, ಅರ್ಧ ಕನ್ನಡ. ಟೀಚರ್ ತಿದ್ದಲಿಲ್ಲ, ನಡುವೆ ಬಾಯಿ ಹಾಕಲಿಲ್ಲ. ಬಂಗಡೆ ಚಿತ್ರದಲ್ಲಿ ಇಲ್ಲವೇ ಇಲ್ಲ! ಬುಟ್ಟಿಯ ಮೇಲೆ ಬಟ್ಟೆ ಮುಚ್ಚಿದೆ. ಒಳಗೆ ಏನಿದೆ ಎಂದು ಮಗುವೇ ತುಂಬಿಕೊಂಡಿತು.

ಓದು ಎಂದರೆ ಇದೇ ಅಲ್ವಾ? ಮುಂದೆ ಅಕ್ಷರ ಬಂದ ಮೇಲೂ ಮಗು ಮಾಡಬೇಕಾದ ಕೆಲಸ ಇದೇ. ಹಾಳೆಯ ಮೇಲಿರುವುದನ್ನು ನೋಡಿ, ಇಲ್ಲದ್ದನ್ನು ಮನಸ್ಸಿನಲ್ಲಿ ಕಾಣುವುದು.

ಇನ್ನೊಂದು ಲಾಭ ಇದೆ. ಇಂಥ ಪುಸ್ತಕಕ್ಕೆ ಭಾಷೆಯ ತಕರಾರಿಲ್ಲ. ಮನೆಯಲ್ಲಿ ಕೊಂಕಣಿ ಇರಲಿ, ಉರ್ದು ಇರಲಿ, ಮರಾಠಿ ಇರಲಿ. "ನಂಗೆ ಓದೂಕೆ ಬರೂದಿಲ್ಲ, ನಾ ಎಂತ ಹೇಳ್ಲಿ" ಎಂದು ಪುಸ್ತಕ ವಾಪಸ್ ಕೊಡಲು ಬಂದಿದ್ದ ಅಜ್ಜಿಗೆ ನಾನು ಹೇಳಿದ್ದೂ ಅದನ್ನೇ. ಅಮ್ಮಾ, ಇದನ್ನು ನಿಮ್ಮಷ್ಟು ಚೆನ್ನಾಗಿ ಓದುವವರು ಶಾಲೆಯಲ್ಲೇ ಇಲ್ಲ.

ಗರಟೆ, ಮರದ ತುಂಡಿನ ಬಗ್ಗೆಯೂ ಹೇಳುತ್ತೇನೆ.

2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆ ಸೇತುವೆ ಕುಸಿದದ್ದು ನಿಮಗೆಲ್ಲ ನೆನಪಿದೆ. ಲಾರಿ ನೀರಿಗೆ ಬಿತ್ತು, ನಮ್ಮ ಮೀನುಗಾರರು ಹೋಗಿ ಚಾಲಕನನ್ನು ಉಳಿಸಿದರು. ನಮ್ಮ ಯುಕೆಜಿಯ ಒಬ್ಬ ಹುಡುಗ ಆಗ ಇನ್ನೂ ಎಳೆಯವ, ಮನೆಯಲ್ಲಿ ದೊಡ್ಡವರು ಹೇಳಿದ್ದನ್ನು ಕೇಳಿದ್ದಾನೆ ಅಷ್ಟೇ. ಹೋದ ವಾರ ಅವನು ಮರದ ತುಂಡು ನಿಲ್ಲಿಸಿ ಸೇತುವೆ ಕಟ್ಟಿದ. ಕಂಬ ಎಣಿಸಿದ, ಆರು. ಬೆಂಕಿಪೊಟ್ಟಣ ಲಾರಿ ಆಯಿತು, ಅದರೊಳಗೆ ಒಂದು ಹುಣಸೆ ಬೀಜ, ಅದು ಡ್ರೈವರ್. ಸೇತುವೆ ಬೀಳಿಸಿದ. ಗರಟೆಯ ದೋಣಿ ತಂದ. ದಾರ ಇಳಿಬಿಟ್ಟ. ಹುಣಸೆ ಬೀಜವನ್ನು ದೋಣಿಗೆ ಎತ್ತಿಕೊಂಡು ತನ್ನ ಕರ್ಚೀಫ್ ತೆಗೆದು ಅದಕ್ಕೆ ಹೊದೆಸಿದ. "ಮಾಮನಿಗೆ ಚಳಿ ಆಗ್ತದೆ" ಎಂದ.

ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಎಣಿಕೆ, ಮಾತು, ಮೊದಲು ಏನು ಆಮೇಲೆ ಏನು ಎಂಬ ಕ್ರಮ, ಇನ್ನೊಬ್ಬರ ಕಷ್ಟ ತಿಳಿಯುವುದು, ಎಲ್ಲ ಆ ಇಪ್ಪತ್ತು ನಿಮಿಷದಲ್ಲಿ ಇತ್ತು. ಯಾವ ವರ್ಕ್‌ಬುಕ್‌ನಲ್ಲಿ ಇದು ಸಿಗುತ್ತದೆ ಹೇಳಿ.

ನಮ್ಮೂರಿನ ಕಡಲತೀರಕ್ಕೆ ರವೀಂದ್ರನಾಥ ಠಾಕೂರರ ಹೆಸರಿದೆ. 22ರ ಹರೆಯದಲ್ಲಿ ಅವರು ಇಲ್ಲಿಗೆ ಬಂದಿದ್ದರು, ಇಲ್ಲಿ ಕೂತು ಬರೆದಿದ್ದರು. ಅವರು ಚಿಕ್ಕವರಿದ್ದಾಗ ಮನೆಯ ಮೂಲೆಯಲ್ಲಿ ಅಜ್ಜಿಯ ಕಾಲದ ಹಳೆ ಪಲ್ಲಕ್ಕಿ ಬಿದ್ದಿತ್ತಂತೆ. ಅದರೊಳಗೆ ಒಬ್ಬರೇ ಕೂತು, ಅದೇ ಸಮುದ್ರದ ನಡುವಿನ ದ್ವೀಪ ಎಂದುಕೊಂಡು ದೂರ ದೂರ ಹೋಗುತ್ತಿದ್ದರಂತೆ. ಬಾಲ್ಯದ ನೆನಪುಗಳಲ್ಲಿ ಅವರೇ ಬರೆದಿದ್ದಾರೆ. ಯಾರಿಗೂ ಬೇಡವಾದ ಪಲ್ಲಕ್ಕಿ ಅದು.

ಬ್ಯಾಟರಿ ಆಟಿಕೆ ಶಾಲೆಗೆ ಬೇಡ ಎಂಬ ಹೊಸ ನಿಯಮಕ್ಕೂ ಕಾರಣ ಇದೇ. ಅದು ತಾನೇ ಓಡುತ್ತದೆ, ತಾನೇ ಕೂಗುತ್ತದೆ, ಮಗು ಸುಮ್ನೆ ನೋಡುತ್ತದೆ. ಜೊತೆಗೆ ಜಗಳ ಬೇರೆ. ಮನೆಯಲ್ಲಿ ಕೊಡಿಸಬೇಡಿ ಎನ್ನುತ್ತಿಲ್ಲ, ಅದು ನಿಮ್ಮ ಪ್ರೀತಿ. ಅಂಗಡಿಯಿಂದ ತರುವಾಗ ಐಎಸ್‌ಐ ಗುರುತು ನೋಡಿ ತನ್ನಿ, 2021ರ ಜನವರಿಯಿಂದ ಅದು ಕಡ್ಡಾಯ. ಮನೆಯಲ್ಲಿ ಮೂರು ವರ್ಷದೊಳಗಿನ ಮಗು ಇದ್ದರೆ ಸಣ್ಣ ಮಣಿ, ಬೀಜ ಕೈಗೆ ಸಿಗದ ಹಾಗೆ ಇಡಿ.

ನಿಮ್ಮ ಹೆದರಿಕೆ ನನಗೆ ಅರ್ಥವಾಗುತ್ತದೆ. ಒಂದನೇ ತರಗತಿಗೆ ಹೋದಾಗ ನಮ್ಮ ಮಗು ಹಿಂದೆ ಬಿದ್ದರೆ? ಬೀಳುವುದಿಲ್ಲ. ಅಕ್ಷರ ಬರುತ್ತದೆ, ಬರೆಯುವುದೂ ಬರುತ್ತದೆ, ಅದು ನಮ್ಮ ಜವಾಬ್ದಾರಿ. ಆದರೂ ಮನಸ್ಸು ಒಪ್ಪದಿದ್ದರೆ ಯಾವ ದಿನವಾದರೂ ಬೆಳಿಗ್ಗೆ ಬಂದು ತರಗತಿಯ ಹಿಂದೆ ಅರ್ಧ ಗಂಟೆ ಕೂತು ನೋಡಿ. ಮೊದಲೇ ಹೇಳಬೇಕೆಂದಿಲ್ಲ.

ನಿಮ್ಮಿಂದ ಬೇಕಾಗಿರುವುದು ಒಂದೇ: ದಿನಕ್ಕೆ ಹತ್ತು ನಿಮಿಷ ಫೋನ್ ಪಕ್ಕಕ್ಕಿಟ್ಟು, ಮಗು ಚಿತ್ರ ನೋಡಿ ಹೇಳುವುದನ್ನು ಕೇಳಿ.

ಪುಸ್ತಕ ಹರಿದರೆ ದಂಡ ಇಲ್ಲ. ಸಭೆಯಲ್ಲಿ ಇಬ್ಬರು ಕೇಳಿದ್ದರಿಂದ ಬರೆಯುತ್ತಿದ್ದೇನೆ. ಹರಿದರೆ ಬೈಯಬೇಡಿ, ಹಾಗೇ ಕಳಿಸಿ. ಶನಿವಾರ ನಾವೂ ಮಕ್ಕಳೂ ಸೇರಿ ಅಂಟಿಸುತ್ತೇವೆ. ಚೀಲ ಮಂಗಳವಾರ ವಾಪಸ್ ಬರಲಿ. ಹೋದ ವಾರದ ಎರಡು ಚೀಲ ಇನ್ನೂ ಬಂದಿಲ್ಲ, ಒಂದರಲ್ಲಿ ಆ ಸಂತೆಯ ಪುಸ್ತಕ ಇದೆ. ನಮ್ಮ ಎಲ್‌ಕೆಜಿ ಹುಡುಗಿ ದಿನಾ ಕೇಳುತ್ತಿದ್ದಾಳೆ.

ನಿಮ್ಮ
ಮುಖ್ಯಾಧ್ಯಾಪಕಿ