ತೈಲ ಇರೋ ದೇಶದಲ್ಲೇ ಪೆಟ್ರೋಲ್ ಇಲ್ಲ

ಸಂಪಾದಕರಿಗೆ ನಮಸ್ಕಾರ,

ನೆಲದಡಿ ಅಷ್ಟೊಂದು ತೈಲ ಇರೋ ನೈಜೀರಿಯಾದಲ್ಲಿ ಜನ ಬಂಕ್ ಮುಂದೆ ಗಂಟೆಗಟ್ಟಲೆ ಕ್ಯೂ ನಿಲ್ಲೋದು ಯಾಕೆ ಅಂತ ಮಗಳು ಕೇಳಿದ್ಲು. ಕಚ್ಚಾ ತೈಲ ಇದ್ರೆ ಸಾಲಲ್ಲ, ಅದನ್ನ ಪೆಟ್ರೋಲ್ ಮಾಡೋ ರಿಫೈನರಿ ನಡೀಬೇಕು. ಪೋರ್ಟ್ ಹಾರ್ಕೋರ್ಟ್, ವಾರಿ, ಕಡೂನಾದ ಸರ್ಕಾರಿ ರಿಫೈನರಿಗಳದ್ದು ಒಟ್ಟು ಸಾಮರ್ಥ್ಯ ದಿನಕ್ಕೆ 4,45,000 ಬ್ಯಾರೆಲ್, ಆದ್ರೆ ಸರಿಯಾಗಿ ರಿಪೇರಿ ಮಾಡದೆ ವರ್ಷಗಟ್ಟಲೆ ನಿಂತೇ ಇದ್ವು, ಹಾಗಾಗಿ ಕಚ್ಚಾ ತೈಲ ಮಾರೋದು, ಪೆಟ್ರೋಲ್‌ನ ಹೊರಗಡೆಯಿಂದ ಡಾಲರ್ ಕೊಟ್ಟು ತರಿಸೋದು, ಸಬ್ಸಿಡಿ ಹಾಕಿ ಅಗ್ಗಕ್ಕೆ ಕೊಡೋದು, ಆ ಅಗ್ಗದ ಪೆಟ್ರೋಲ್ ಗಡಿ ದಾಟಿ ಪಕ್ಕದ ದೇಶ ಬೆನಿನ್‌ಗೆ ಕಳ್ಳಸಾಗಣೆ ಆಗೋದು, ಇದೇ ಕತೆ ಆಗಿತ್ತು. 2023ರ ಮೇನಲ್ಲಿ ಸಬ್ಸಿಡಿ ತೆಗೆದ್ರು, ರೇಟು ಎರಡು ಪಟ್ಟಿಗಿಂತ ಜಾಸ್ತಿ ಆಯ್ತು, ಬಸ್ ಚಾರ್ಜೂ ಏರ್ತು. ಅಲ್ಲಿ ಕರೆಂಟ್ ನಂಬೋ ಹಾಗಿಲ್ಲ, ಎಷ್ಟೋ ಅಂಗಡಿ ಮನೆ ನಡಿಯೋದೇ ಜನರೇಟರ್ ಮೇಲೆ, ಪೆಟ್ರೋಲ್ ಇಲ್ಲ ಅಂದ್ರೆ ದೀಪಾನೂ ಇಲ್ಲ.

ನಮ್ಮ ಸಕಲೇಶಪುರದಲ್ಲಿ ಮಾರ್ಚ್‌ನಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್‌ನಲ್ಲಿ ನೀರು ಹೊಡೆಯೋವಾಗ ಎರಡು ದಿನ ಡೀಸೆಲ್ ಸಿಗ್ಲಿಲ್ಲ ಅಂದ್ರೆ ಏನಾಗುತ್ತೆ ಅಂತ ಬೆಳೆಗಾರರಿಗೆ ಗೊತ್ತು, ಅದಕ್ಕೇ ನೈಜೀರಿಯಾದವರ ಕಷ್ಟ ನನಗೆ ತಟ್ಟೋದು. 2024ರಲ್ಲಿ ಅಲ್ಲಿನ ಲಾಗೋಸ್ ನಗರದ ಹತ್ರ ದಿನಕ್ಕೆ 6,50,000 ಬ್ಯಾರೆಲ್ ಸಾಮರ್ಥ್ಯದ ಡಾಂಗೋಟೆ ಅನ್ನೋ ಖಾಸಗಿ ರಿಫೈನರಿ ಶುರುವಾಗಿದೆ. ದಯವಿಟ್ಟು ಇದರ ಬಗ್ಗೆ ವಿವರವಾಗಿ ಬರೀರಿ.

ಒಬ್ಬ ಓದುಗ, ಸಕಲೇಶಪುರ, ಹಾಸನ ಜಿಲ್ಲೆ