ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದವರಿಗೆ

ದವಡೆ ಮರುಜೋಡಣೆಯ ನಮ್ಮ ಘಟಕಕ್ಕೆ ಒಂದು ವರ್ಷ ತುಂಬಿತು. ಹಾರ, ತುರಾಯಿ ಎಲ್ಲ ಸರ್ಜನ್‌ಗಳ ಕೈಗೇ ಬಂದವು. ಅವು ಮೊದಲು ಸೇರಬೇಕಾದದ್ದು ವಾರ್ಡಿನ ಸಿಸ್ಟರ್‌ಗಳಿಗೆ, ಬ್ರದರ್‌ಗಳಿಗೆ.

ಬಾಯಿ ಕ್ಯಾನ್ಸರಿಗಾಗಿ ಕೆಳದವಡೆ ತೆಗೆದ ಜಾಗಕ್ಕೆ ಕಾಲಿನ ಫಿಬುಲಾ ಮೂಳೆಯನ್ನು ರಕ್ತನಾಳ, ಚರ್ಮದ ಸಮೇತ ತಂದು ಕೂರಿಸುತ್ತೇವೆ. ಆ ಮೂಳೆಯ ಎರಡೂ ತುದಿಯಲ್ಲಿ ಆರೇಳು ಸೆಂ.ಮೀ. ಕಾಲಲ್ಲೇ ಬಿಡಬೇಕು. ಕೆಳಗೆ ಅತಿಯಾಸೆ ಪಟ್ಟರೆ ಪಾದದ ಕೀಲು ಸಡಿಲ, ಮೇಲೆ ಪಟ್ಟರೆ ಮಂಡಿ ಪಕ್ಕದ ನರಕ್ಕೆ ಪೆಟ್ಟು. ಮೂಳೆಯ ಜೊತೆ ಬಂದ ರಕ್ತನಾಳವನ್ನು ಕತ್ತಿನ ನಾಳಕ್ಕೆ ಜೋಡಿಸುತ್ತೇವೆ. ಅದರ ಅಗಲ ಎರಡು ಮೂರು ಮಿ.ಮೀ., ಹೊಲಿಯುವ ದಾರ ಕೂದಲಿಗಿಂತ ತೆಳು.

ಆ ನಾಳದಲ್ಲಿ ರಕ್ತ ಹೆಪ್ಪುಗಟ್ಟುವುದಿದ್ದರೆ ಬಹುಪಾಲು ಮೊದಲ 72 ಗಂಟೆಯೊಳಗೇ. ಆಗ ಅಲ್ಲಿದ್ದವರು ನೀವು. ಗಂಟೆಗೊಮ್ಮೆ ಫ್ಲ್ಯಾಪ್, ಅಂದರೆ ಕಾಲಿನಿಂದ ತಂದ ಆ ಚರ್ಮ-ಮೂಳೆಯ ತುಂಡಿನ ಚರ್ಮ, ಒತ್ತಿ ಬಿಟ್ಟು, ಬಣ್ಣ ಎರಡು ಮೂರು ಸೆಕೆಂಡಿನಲ್ಲಿ ಮರಳಿತೇ ಎಂದು ನೋಡಿದಿರಿ. ಒತ್ತಿ ಬಿಟ್ಟ ಕೂಡಲೇ ಬಣ್ಣ ಮರಳಿ, ನೀಲಿಗಟ್ಟಿದರೆ, ಸೂಜಿ ಚುಚ್ಚಿದಾಗ ಕಪ್ಪು ರಕ್ತ ಜಿನುಗಿದರೆ ಅಭಿಧಮನಿ ಕಟ್ಟಿದೆ. ಬಿಳಿಚಿ, ತಣ್ಣಗಾಗಿ, ರಕ್ತವೇ ಬಾರದಿದ್ದರೆ ಅಪಧಮನಿ. ಉಸಿರಾಟಕ್ಕೆಂದು ಕತ್ತಿನಲ್ಲಿ ಹಾಕಿದ ಟ್ರಕಿಯಾಸ್ಟಮಿ ನಳಿಗೆಯ ಟೇಪು ಬಿಗಿಯಾದರೂ ಸಾಕು, ನಾಳ ಅದುಮಿಹೋಗುತ್ತದೆ. "ಬೆಳಿಗ್ಗೆ ನೋಡೋಣ" ಎನ್ನದೆ ಆಗಲೇ ಫೋನ್ ಮಾಡಿದಿರಿ. ಫ್ಲ್ಯಾಪ್ ಸತ್ತರೆ ಗಾಯ ಒಣಗುವುದು ತಡ. ಆಪರೇಶನ್ ಆದ ಆರು ವಾರದೊಳಗೆ ಶುರುವಾಗಬೇಕಾದ ರೇಡಿಯೇಶನ್ನೂ ತಡ.

ಲ್ಯಾಬಿನಲ್ಲೇ ಮೂಳೆ ಬೆಳೆಸಬಾರದೇ ಎಂದು ರೋಗಿಗಳ ಮನೆಯವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಜರ್ಮನಿಯ ಕೀಲ್ ನಗರದ ವೈದ್ಯರು 2004ರಲ್ಲಿ ಪ್ರಕಟಿಸಿದ ಪ್ರಯತ್ನದಲ್ಲಿ ದವಡೆಯ ಆಕಾರದ ಟೈಟೇನಿಯಂ ಜಾಲರಿಗೆ ಮೂಳೆ ಖನಿಜದ ತುಂಡು, ರೋಗಿಯದೇ ಅಸ್ಥಿಮಜ್ಜೆ, ಮೂಳೆ ಬೆಳೆಸುವ ಪ್ರೋಟೀನು ತುಂಬಿದರು. ಅದನ್ನು ಏಳು ವಾರ ಇಟ್ಟದ್ದು ಮಾತ್ರ ಲ್ಯಾಬಿನಲ್ಲಲ್ಲ, ಅದೇ ರೋಗಿಯ ಬೆನ್ನಿನ ಸ್ನಾಯುವಿನೊಳಗೆ. ಅತಿ ಸಣ್ಣ ರಕ್ತನಾಳವಾದ ಲೋಮನಾಳದಿಂದ ಸುಮಾರು 0.2 ಮಿ.ಮೀ. ದೂರವಾದರೆ ಜೀವಕೋಶಕ್ಕೆ ಆಮ್ಲಜನಕ ಸಾಲದು. ದವಡೆಯಷ್ಟು ದಪ್ಪದ ಮೂಳೆಗೆ ನಾಳ ಹಬ್ಬಿಸಲು ಮೈಯೇ ಬೇಕಾಯಿತು. ದವಡೆ ಕೂತಿತು, ಆದರೆ ಆಮೇಲೆ ಜಾಲರಿ ಮುರಿದು ಸೋಂಕೂ ತಗುಲಿತು. ಇನ್ನು ಆ ಬೆಳವಣಿಗೆಯ ಪ್ರೋಟೀನನ್ನು ಗಡ್ಡೆ ಆಗಷ್ಟೇ ತೆಗೆದ ಜಾಗದಲ್ಲಿ ಇಡಲು ನಮಗೆ ಧೈರ್ಯವಿಲ್ಲ. ಉಳಿದ ಕ್ಯಾನ್ಸರ್ ಕೋಶಕ್ಕೂ ಅದು ಗೊಬ್ಬರವಾದೀತು.

ನಾಳೆ ಮೂಳೆ ಎಲ್ಲಿಂದಲೇ ಬರಲಿ, ಗಂಟೆಗೊಮ್ಮೆ ಒತ್ತಿ ನೋಡುವ ಬೆರಳು ನಿಮ್ಮದೇ. ಧನ್ಯವಾದ. ಟಾರ್ಚಿಗೆ ಹೊಸ ಸೆಲ್ಲು ಸ್ಟೋರಿಗೆ ಬರೆದಿದ್ದೇವೆ.